ಧಾರವಾಡದಲ್ಲಿ ಜನಿಸಿದ ಕ್ರಿಕೆಟಿಗ ಪಲ್ವಂಕರ್ ಬಾಲೂ

ಭಾರತ ತಂಡ ಮೊದಲ ಟೆಸ್ಟ್ ಪಂದ್ಯ ಆಡಿದ್ದು 1932ರಲ್ಲಿ. ಅದಕ್ಕೂ ಎರಡು ದಶಕ ಮೊದಲೇ ಇಂಗ್ಲೆಂಡಿನ ಅಂಗಳಗಳಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಭಾರತೀಯರೊಬ್ಬರು ಇದ್ದರು. ಅವರೇ ಎಡಗೈ ಸ್ಪಿನ್ ಬೌಲರ್ ಪಲ್ವಂಕರ್ ಬಾಲೂ. ಇವರು 1876ರಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಬಾಲೂ ಅವರದು ಚರ್ಮದ ಕೆಲಸವನ್ನು ಕುಲಕಸುಬಾಗಿ ಮಾಡುತ್ತಿದ್ದ, ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕುಟುಂಬ. ತಂದೆ ಸೈನ್ಯದಲ್ಲಿ ಕೆಲಸಕ್ಕಿದ್ದುದರಿಂದ ಬಾಲಕನ ಬದುಕು ಪುಣೆಯಲ್ಲಿ ಸಾಗಿತು. ಸೇನಾಧಿಕಾರಿಗಳು ಬಿಟ್ಟುಹೋದ ಬ್ಯಾಟು, ಚೆಂಡುಗಳೇ ಅಣ್ಣತಮ್ಮಂದಿರ ಆಟಿಕೆಗಳಾದವು. ಪಾರ್ಸಿಗಳ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವುದು ಅವರ ಮೊದಲ ಉದ್ಯೋಗ. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿಗೆ ಏರಿತು. ಅಲ್ಲಿ ಅಭ್ಯಾಸದ ಬಲೆ ಕಟ್ಟುವುದರೊಂದಿಗೆ ಸದಸ್ಯರಿಗೆ ಚೆಂಡೆಸೆಯುವ ಕೆಲಸವೂ ಸಿಕ್ಕಿತು. ಸೇನಾಧಿಕಾರಿ ಜೆ. ಜಿ. ಗ್ರೇಗ್ ಅವರಿಗೆ ಬಾಲೂ ಗಂಟೆಗಟ್ಟಲೆ ಬೌಲಿಂಗ್ ಮಾಡುತ್ತಿದ್ದರು. ಈ ಗ್ರೇಗ್ ಅವರು ಮುಂದೆ ಕಥೊಲಿಕ ಧರ್ಮಸಭೆಯ ಗುರುದೀಕ್ಷೆ ಪಡೆದರು. ಬಾಲೂ ಅವರ ಎಸೆತ ಹೀಗೆ ಹರಿತವಾಯಿತಾದರೂ, ಬ್ಯಾಟ್ ಹಿಡಿಯುವ ಅವಕಾಶ ಮಾತ್ರ ಅಲ್ಲಿ ಅವರಿಗೆ ಸಿಗಲಿಲ್ಲ. ಆ ಕ್ಲಬ್ಬಿನಲ್ಲಿ ಬ್ಯಾಟಿಂಗ್ ಸಾಹೇಬರ ಹಕ್ಕಾಗಿತ್ತು.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನು ಸೋಲಿಸುವ ಆಸೆ. ಅದಕ್ಕೆ ಬಾಲೂ ಬೇಕು. ಆದರೆ ಅವರ ಜಾತಿ ಬೇಡ! ಸಾಕಷ್ಟು ಚರ್ಚೆಯ ನಂತರ ಅವರನ್ನು ಸೇರಿಸಿಕೊಳ್ಳಲಾಯಿತು. ಅಂಗಳದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟವೂ ಪ್ರತ್ಯೇಕ.

ಬಳಿಕ ಮುಂಬಯಿಗೆ ಬಂದ ಬಾಲೂ ಅಲ್ಲಿನ ಹಿಂದೂ ಜಿಮ್‌ಖಾನಾದ ಪ್ರಮುಖ ಬೌಲರ್ ಆದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಮಣಿಸಿತು. ಆಳುವವರನ್ನು ಆಳಿಸಿಕೊಳ್ಳುವವರು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ದೇಶಕ್ಕೆಲ್ಲ ಹಬ್ಬಿತು. ಆ ಗೆಲುವಿನಲ್ಲಿ ಬಾಲೂ ಅವರ ಬೌಲಿಂಗಿಗೆ ದೊಡ್ಡ ಪಾಲಿತ್ತು.

1911ರಲ್ಲಿ ಪಟಿಯಾಲಾದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ತಂಡ ಹೆಚ್ಚಿನ ಪಂದ್ಯಗಳಲ್ಲಿ ಸೋತರೂ ಬಾಲೂ ಒಟ್ಟು 114 ವಿಕೆಟ್ ಪಡೆದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನುಗಳಿಗೆ 8 ವಿಕೆಟ್ ಕಬಳಿಸಿದರು. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್ ಅವರ ಒಟ್ಟು ಸಾಧನೆ.

ಇಷ್ಟಾದರೂ ನಾಯಕನ ಸ್ಥಾನ ಅವರಿಗೆ ಒಲಿಯಲಿಲ್ಲ. ವರ್ಷ ವರ್ಷವೂ ಅವರಿಗಿಂತ ಕಡಿಮೆ ಅನುಭವದವರು ನಾಯಕರಾದರು. 1920ರಲ್ಲಿ ಅವರ ತಮ್ಮಂದಿರಾದ ವಿಠಲ್ ಮತ್ತು ಶಿವರಾಮ್ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಅವರೂ ಉತ್ತಮ ಆಟಗಾರರೇ. ಕೊನೆಗೆ ರಾಜಿಯಾಗಿ ಬಾಲೂ ಉಪನಾಯಕರಾದರು. ನಾಯಕ ಎಂ. ಡಿ. ಪೈ ಅವರು ಸ್ವಲ್ಪ ಹೊತ್ತು ಅಂಗಳದಿಂದ ಹೊರನಡೆದು, ತಂಡವನ್ನು ಮುನ್ನಡೆಸುವ ಗೌರವವನ್ನು ಬಾಲೂ ಅವರಿಗೆ ಬಿಟ್ಟುಕೊಟ್ಟರು. 1923ರಲ್ಲಿ ವಿಠಲ್ ಅವರೇ ಹಿಂದೂ ತಂಡದ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ನಿವೃತ್ತಿಯ ಬಳಿಕ ಬಾಲೂ ಸಾರ್ವಜನಿಕ ಬದುಕಿಗೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಡಾ. ಬಿ. ಆರ್. ಅಂಬೇಡ್ಕರ್ ಅವರೆದುರು ಸ್ಪರ್ಧಿಸಿದರು. ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂ ಅವರಿಗೆ 11,225 ಮತ ದೊರೆಯಿತು. 1955ರ ಜುಲೈಯಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.

ಬಾಲೂ ಅವರ ಪ್ರತಿಭೆಯನ್ನು ಅಂದಿನವರು ಯಾರೂ ಅಲ್ಲಗಳೆಯಲಿಲ್ಲ. ಅವರ ವಿಕೆಟುಗಳು ಎಲ್ಲರಿಗೂ ಬೇಕಾಗಿದ್ದವು, ಜತೆಯಲ್ಲಿ ಕುಳಿತು ಉಣ್ಣುವುದು ಬೇಡವಾಗಿತ್ತು. ಒಬ್ಬರ ದುಡಿಮೆಯನ್ನು ಪಡೆದು ಗೌರವವನ್ನು ಕೊಡದಿರುವುದು ಇಂದಿಗೂ ನಮ್ಮನ್ನು ಬಿಟ್ಟುಹೋಗದ ರೋಗ. ಚಳ್ಳಕೆರೆ, ಮೊಳಕಾಲ್ಮುರಿನಂಥ ಬಯಲುಸೀಮೆಯ ಊರುಗಳಲ್ಲಾಗಲಿ, ನಮ್ಮ ಕರಾವಳಿಯಲ್ಲಾಗಲಿ ಟೂರ್ನಮೆಂಟ್ ನಡೆಸುವವರು ನಾಯಕನನ್ನು ಆರಿಸುವಾಗ, ಆಟ ಮುಗಿದು ಊಟಕ್ಕೆ ಕುಳಿತುಕೊಳ್ಳುವಾಗ ಪಲ್ವಂಕರ್ ಬಾಲೂ ಅವರನ್ನು ಒಮ್ಮೆ ನೆನೆಯುವುದು ಒಳ್ಳೆಯದು.