ತಿರುಪುಮೊಳೆಯಿಂದ ಪಾಠಶಾಲೆಯವರೆಗೆ: ಅಲೆಕ್ಸ್ ಮನೂಗಿಯನ್

ತಾಯ್ನೆಲವನ್ನು ಕಳೆದುಕೊಂಡು ಪರನಾಡಿಗೆ ಬಂದ ಮನುಷ್ಯನನ್ನು ಎರಡು ಭಯಗಳು ಕಾಡುತ್ತವೆ. ಒಂದು ಹಸಿವಿನ ಭಯ, ಇನ್ನೊಂದು ಮರೆವಿನ ಭಯ. ಮೊದಲನೆಯದನ್ನು ದುಡಿಮೆ ನೀಗಬಲ್ಲದು. ಎರಡನೆಯದಕ್ಕೆ ದುಡಿಮೆಯೊಂದೇ ಸಾಲದು. ದುಡಿಮೆ ತಂದ ಸಿರಿಯೇ ಕೆಲವೊಮ್ಮೆ ಮರೆವಿಗೆ ಹಾದಿಯಾಗುತ್ತದೆ. ಈ ಎರಡು ಭಯಗಳನ್ನೂ ಒಂದೇ ಬಾಳಿನಲ್ಲಿ ಎದುರಿಸಿ ನಿಂತವರು ಅಮೆರಿಕದ ಡೆಟ್ರಾಯಿಟ್ ನಗರದ ಆರ್ಮೇನಿಯನ್ ಉದ್ಯಮಿ ಅಲೆಕ್ಸ್ ಮನೂಗಿಯನ್ ಅವರು.

ಮನೂಗಿಯನ್ನರು 1901ರ ಜೂನ್ 28ರಂದು ಸ್ಮಿರ್ನಾ ಬಂದರಿನ ಸಮೀಪದ ಕಸಬಾ ಎಂಬ ಊರಿನಲ್ಲಿ ಜನಿಸಿದರು. ಅಂದು ಆ ಪ್ರದೇಶ ಆಟೊಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಅವರು ಹದಿಹರೆಯದಲ್ಲಿದ್ದಾಗಲೇ, 1915ರಲ್ಲಿ, ಆ ಸಾಮ್ರಾಜ್ಯದ ಆರ್ಮೇನಿಯನ್ನರ ಮೇಲೆ ಘೋರವಾದ ನರಮೇಧ ನಡೆಯಿತು. ಲಕ್ಷಾಂತರ ಜನ ಹತರಾದರು, ಉಳಿದವರು ದಿಕ್ಕಾಪಾಲಾದರು. 1920ರಲ್ಲಿ, ಹತ್ತೊಂಬತ್ತರ ಹರೆಯದ ಮನೂಗಿಯನ್ನರು ಸಮುದ್ರ ದಾಟಿ ಅಮೆರಿಕ ಸೇರಿದರು. ಎರಡೇ ವರ್ಷಗಳಲ್ಲಿ, 1922ರ ಸೆಪ್ಟೆಂಬರಿನಲ್ಲಿ, ಸ್ಮಿರ್ನಾ ನಗರ ಬೆಂಕಿಗೆ ಆಹುತಿಯಾಯಿತು. ಅಲ್ಲಿನ ಆರ್ಮೇನಿಯನ್ ಕೇರಿ ಬೂದಿಯಾಯಿತು. ಹೊರಟು ಬಂದ ತರುಣನಿಗೆ ಹಿಂದಿರುಗಲು ಊರೇ ಉಳಿಯಲಿಲ್ಲ. ಗಳಿಕೆಗೆಂದು ಕೈಗೊಂಡ ಪ್ರಯಾಣ ಹೀಗೆ ಜೀವಾವಧಿ ವಲಸೆಯಾಗಿ ಪರಿಣಮಿಸಿತು. ದುಡಿದು ತಮ್ಮ ಕುಟುಂಬದವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವುದು ಅವರ ಮೊದಲ ಕರ್ತವ್ಯವಾಯಿತು.

ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟಿನ ಯಂತ್ರಶಾಲೆಗಳಲ್ಲಿ ಅವರು ಲೋಹ ಕಡೆಯುವ ಕೆಲಸವನ್ನು ಕಲಿತರು. ತಿರುಪುಮೊಳೆಗಳನ್ನೂ ಸಣ್ಣ ಬಿಡಿಭಾಗಗಳನ್ನೂ ಕೂದಲೆಳೆಯ ಅಂತರವೂ ತಪ್ಪದಂತೆ ತಯಾರಿಸುವ ವಿದ್ಯೆ ಅದು. 1924ರಲ್ಲಿ ಅವರು ಮೋಟಾರು ವಾಹನಗಳ ತವರಾದ ಡೆಟ್ರಾಯಿಟ್ ನಗರಕ್ಕೆ ಬಂದರು. ಫೋರ್ಡ್ ಮೊದಲಾದ ಕಾರ್ಖಾನೆಗಳ ಕೂಲಿಯನ್ನು ನಂಬಿ ಸಾವಿರಾರು ಆರ್ಮೇನಿಯನ್ನರು ಅದಾಗಲೇ ಅಲ್ಲಿ ನೆಲೆಸಿದ್ದರು.

ಆದರೆ ಆ ದಿನಗಳಲ್ಲಿ ಅಮೆರಿಕದ ಬಾಗಿಲು ಮುಚ್ಚತೊಡಗಿತ್ತು. 1924ರ ಕಾನೂನು ವಲಸೆಗಾರರ ಸಂಖ್ಯೆಗೆ ಬಿಗಿಯಾದ ಮಿತಿಯನ್ನು ವಿಧಿಸಿತು. ಅದಕ್ಕೂ ಮುನ್ನ, 1923ರಲ್ಲಿ, ಭಾರತೀಯರಾದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಮಾನಿಸಿತ್ತು. ಅದೇ ಪ್ರಶ್ನೆ ಆರ್ಮೇನಿಯನ್ನರ ಎದುರಿಗೂ ಬಂದಿತು. ಆರೆಗಾನ್ ರಾಜ್ಯದ ರತ್ನಗಂಬಳಿ ವರ್ತಕ ಟಾಟೋಸ್ ಕಾರ್ಟೋಜಿಯನ್ ಅವರ ಮೊಕದ್ದಮೆ 1925ರಲ್ಲಿ ಇತ್ಯರ್ಥವಾಗಿ ಆರ್ಮೇನಿಯನ್ನರ ಪೌರತ್ವ ಉಳಿಯಿತು. ಒಬ್ಬರಿಗೆ ಮುಚ್ಚಿದ ಬಾಗಿಲು ಇನ್ನೊಬ್ಬರಿಗೆ ತೆರೆಯಿತು. ವಲಸೆಗಾರನ ಏಳಿಗೆಯಲ್ಲಿ ಅವನ ಶ್ರಮದಷ್ಟೇ ಕಾನೂನಿನ ಪಾಲೂ ಇರುತ್ತದೆಂಬುದಕ್ಕೆ ಈ ಎರಡು ತೀರ್ಪುಗಳೇ ಸಾಕ್ಷಿ.

1929ರಲ್ಲಿ ಮನೂಗಿಯನ್ನರು ಇಬ್ಬರು ಪಾಲುದಾರರೊಡನೆ ತಿರುಪುಮೊಳೆ ತಯಾರಿಸುವ ಸಣ್ಣ ಸಂಸ್ಥೆಯೊಂದನ್ನು ಆರಂಭಿಸಿದರು. ಮೂವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಮಾಸ್ಕೋ ಎಂದು ಹೆಸರಿಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು ದೇಶವೇ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ಪಾಲುದಾರರು ಹಿಂದೆ ಸರಿದರು. ಮನೂಗಿಯನ್ನರು ಒಬ್ಬರೇ ಹೊಣೆ ಹೊತ್ತು ನಿಂತರು. ಹಡ್ಸನ್ ಮೋಟಾರ್ ಕಂಪನಿಯಂತಹ ವಾಹನ ತಯಾರಕರಿಗೆ ಬಿಡಿಭಾಗಗಳನ್ನು ಒದಗಿಸುತ್ತ ಅವರು ಆ ಕಷ್ಟಕಾಲವನ್ನು ದಾಟಿದರು. 1931ರಲ್ಲಿ ಮೇರಿ ಟೇಟಿಯನ್ ಅವರನ್ನು ವಿವಾಹವಾದರು. ರಿಚರ್ಡ್ ಮತ್ತು ಲೂಯಿಸ್ ಅವರ ಮಕ್ಕಳು.

ಅವರಿಗೆ ಹಿರಿಯ ಯಶಸ್ಸನ್ನು ತಂದದ್ದು ನೀರಿನ ನಲ್ಲಿ. 1950ರ ದಶಕದ ಆರಂಭದಲ್ಲಿ ಒಂದೇ ಹಿಡಿಯ ನಲ್ಲಿಯೊಂದಕ್ಕೆ ಬಿಡಿಭಾಗ ಮಾಡಿಕೊಡುವ ಕೆಲಸ ಅವರ ಬಳಿಗೆ ಬಂದಿತು. ಹಿಡಿಯ ಕೆಳಗೆ ತೂತುಗಳುಳ್ಳ ಲೋಹದ ಗುಂಡೊಂದು ಇರುತ್ತಿತ್ತು. ಹಿಡಿಯನ್ನು ಹೊರಳಿಸಿದಂತೆ ಆ ತೂತುಗಳು ಬಿಸಿನೀರಿನ ಮತ್ತು ತಣ್ಣೀರಿನ ದಾರಿಗಳಿಗೆ ಎದುರಾಗಿ ಎರಡೂ ಬೇಕಾದ ಹದಕ್ಕೆ ಬೆರೆಯುತ್ತಿದ್ದವು. ಕಲ್ಪನೆ ಚೆನ್ನಾಗಿತ್ತು, ಆದರೆ ನಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಮನೂಗಿಯನ್ನರು ಅದರ ಹಕ್ಕನ್ನು ಪಡೆದು ದೋಷಗಳನ್ನು ತಿದ್ದಿದರು. 1954ರಲ್ಲಿ ಡೆಲ್ಟಾ ಎಂಬ ಹೆಸರಿನಲ್ಲಿ ತಾವೇ ಅದನ್ನು ಮಾರಾಟಕ್ಕೆ ತಂದರು. ತಿರುಪುಮೊಳೆಯ ನಿಖರತೆಯನ್ನು ಇಪ್ಪತ್ತೈದು ವರ್ಷ ಸಾಧಿಸಿದ್ದ ಕೈಗೆ ಆ ನಲ್ಲಿ ಒಲಿಯಿತು. 1958ರ ವೇಳೆಗೆ ಅದರ ಮಾರಾಟ 10 ಲಕ್ಷ ಡಾಲರನ್ನು ಮೀರಿತು. ಸಂಸ್ಥೆ ಬೆಳೆದು ಅಮೆರಿಕದ ದೊಡ್ಡ ಉದ್ಯಮಗಳಲ್ಲಿ ಒಂದಾಯಿತು.

ಹಸಿವಿನ ಭಯ ಹೀಗೆ ನೀಗಿತು. ಮರೆವಿನ ಭಯ ಉಳಿದಿತ್ತು. ಆರ್ಮೇನಿಯನ್ ಭಾಷೆಗೆ ಐದನೆಯ ಶತಮಾನದ ಆರಂಭದಲ್ಲಿ ಮೆಸ್ರೋಪ್ ಮಾಷ್ಟೋಟ್ಸ್ ರೂಪಿಸಿಕೊಟ್ಟ ಸ್ವಂತ ಲಿಪಿಯಿದೆ. ಅನೇಕ ಸಾಮ್ರಾಜ್ಯಗಳ ಆಳ್ವಿಕೆಯನ್ನು ತಾಳಿ ಬಂದ ಆ ಲಿಪಿ, ಅಮೆರಿಕದ ಸುಖೀ ಸಂಸಾರಗಳಲ್ಲಿ ಒಂದೆರಡು ತಲೆಮಾರುಗಳಲ್ಲೇ ಅಳಿಸಿಹೋಗುವ ಅಪಾಯವಿತ್ತು. ತಂದೆ ಕಾರ್ಖಾನೆಯಲ್ಲಿ ಇಂಗ್ಲಿಷ್ ಕಲಿತ. ಮಗ ಇಂಗ್ಲಿಷಿನಲ್ಲೇ ಬೆಳೆದ. ಮೊಮ್ಮಗನಿಗೆ ಅಜ್ಜಿಯ ಮಾತು ತಿಳಿಯದಾಯಿತು. ವೈರಿಯಿಲ್ಲದೆ, ರಕ್ತಪಾತವಿಲ್ಲದೆ ನಡೆಯುವ ಈ ನಷ್ಟವನ್ನು ತಡೆಯಲು ಶಾಲೆಯಲ್ಲದೆ ಬೇರೆ ಉಪಾಯವಿರಲಿಲ್ಲ.

1906ರಲ್ಲಿ ಕೈರೋ ನಗರದಲ್ಲಿ ಸ್ಥಾಪಿತವಾಗಿದ್ದ ಆರ್ಮೇನಿಯನ್ ಜನರಲ್ ಬೆನೆವೊಲೆಂಟ್ ಯೂನಿಯನ್ ಎಂಬ ಸೇವಾಸಂಸ್ಥೆಗೆ ಮನೂಗಿಯನ್ನರು 1953ರಲ್ಲಿ ಅಧ್ಯಕ್ಷರಾದರು. 1989ರವರೆಗೆ, 36 ವರ್ಷಗಳ ಕಾಲ, ಆ ಹೊಣೆಯನ್ನು ನಿರ್ವಹಿಸಿದರು. ಚದುರಿದ ಸಮುದಾಯದ ಶಾಲೆಗಳು, ಗ್ರಂಥಪ್ರಕಟಣೆ, ವಿದ್ಯಾರ್ಥಿವೇತನಗಳಿಗೆ ಅವರ ಧನ ಹರಿಯಿತು. 1969ರಲ್ಲಿ ಡೆಟ್ರಾಯಿಟ್ ಬಳಿಯ ಸೌತ್‌ಫೀಲ್ಡಿನಲ್ಲಿ ತೆರೆದ ಶಾಲೆ ಅವರ ಹಾಗೂ ಪತ್ನಿಯ ಹೆಸರನ್ನು ಹೊತ್ತಿದೆ. ಆರ್ಮೇನಿಯನ್ನರ ಧರ್ಮಕೇಂದ್ರವಾದ ಎಚ್ಮಿಯಾಡ್ಜಿನ್ನಿನಲ್ಲಿ 1982ರಲ್ಲಿ ತೆರೆದ ಪ್ರಾಚೀನ ವಸ್ತುಗಳ ಭಂಡಾರವೂ ಅವರ ಕೊಡುಗೆಯೇ.

ತಮಗೆ ಆಶ್ರಯವಿತ್ತ ನಗರದ ಋಣವನ್ನೂ ಅವರು ಮರೆಯಲಿಲ್ಲ. ನದೀತೀರದ ತಮ್ಮ ಭವ್ಯ ನಿವಾಸವನ್ನು 1966ರಲ್ಲಿ ಡೆಟ್ರಾಯಿಟ್ ನಗರಕ್ಕೆ ದಾನವಾಗಿ ಕೊಟ್ಟರು. ಅದು ನಗರದ ಮೇಯರರ ಅಧಿಕೃತ ನಿವಾಸವಾಯಿತು. ಒಂದು ಕಾಲಕ್ಕೆ ಊರಿಲ್ಲದವರಾಗಿ ಬಂದವರು ಆ ಊರಿನ ಪ್ರಥಮ ಪ್ರಜೆಗೆ ಮನೆ ಕೊಟ್ಟಂತಾಯಿತು.

1991ರಲ್ಲಿ ಆರ್ಮೇನಿಯ ಸ್ವತಂತ್ರವಾದುದನ್ನು ಅವರು ಕಣ್ಣಾರೆ ಕಂಡರು. 1996ರ ಜುಲೈ 10ರಂದು, ತೊಂಬತ್ತೈದರ ತುಂಬು ವಯಸ್ಸಿನಲ್ಲಿ ಅವರು ತೀರಿಕೊಂಡರು. ಆರ್ಮೇನಿಯದ ರಾಜಧಾನಿ ಯೆರೆವಾನಿನ ವಿಶ್ವವಿದ್ಯಾಲಯವಿರುವ ಬೀದಿಗೆ ಇಂದು ಅವರ ಹೆಸರಿದೆ.

ಅವರ ಭಯ ನಿರಾಧಾರವಾಗಿರಲಿಲ್ಲ. ವಲಸೆ ಹೋದವರ ಮಾತಾದ ಪಶ್ಚಿಮ ಆರ್ಮೇನಿಯನ್ ಭಾಷೆಯನ್ನು ಯುನೆಸ್ಕೋ ಸಂಸ್ಥೆ 2010ರಲ್ಲಿ ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಒಬ್ಬ ದಾನಿಯ ಸಿರಿ ಒಂದು ಭಾಷೆಯನ್ನು ಉಳಿಸಲಾರದು. ಅದನ್ನು ಕಲಿಯುವ ಕೊಠಡಿಯನ್ನಷ್ಟೇ ಕಟ್ಟಿಕೊಡಬಲ್ಲದು. ಆ ಕೊಠಡಿಯೊಳಗೆ ಅಕ್ಷರ ತಿದ್ದಿಸುವ ಗುರುವೂ, ತಿದ್ದುವ ಮಗುವೂ ದಿನದಿನವೂ ಬಂದು ಕೂಡಬೇಕು. ಮನೂಗಿಯನ್ನರು ತಮ್ಮ ಪಾಲಿನ ಕೆಲಸವನ್ನು ಮಾಡಿ ಹೋದರು. ಉಳಿದದ್ದು ಶಾಲೆಯ ಗಂಟೆ ಬಾರಿಸಿದಾಗಲೆಲ್ಲ ಹೊಸದಾಗಿ ಆರಂಭವಾಗುವ ಕೆಲಸ.