ಹಿತ್ತಿಲಿನ ಗೀಜಗ ಮತ್ತು ಸಲೀಂ ಅಲಿ

ಡಾ. ಸಲೀಂ ಅಲಿ ಅವರ ಬಾಳಿಗೆ ಹಕ್ಕಿ ಬಂದದ್ದು ಬೇಟೆಯ ದಾರಿಯಿಂದ. 1896ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಶೈಶವದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದ ಬಾಲಕನು ಗಾಳಿಬಂದೂಕಿನಿಂದ ಗುಬ್ಬಿಯೊಂದನ್ನು ಹೊಡೆದು ಕೆಡವಿದನು. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಇದಾವ ಜಾತಿ? ಬೇಟೆಗಾರನಾದ ಮಾವನಿಗೂ ತಿಳಿಯಲಿಲ್ಲ. ಸತ್ತ ಹಕ್ಕಿಯನ್ನು ಹಿಡಿದು ನಿಸರ್ಗ ಇತಿಹಾಸ ಸಂಘಕ್ಕೆ ಹೋದ ಹುಡುಗನಿಗೆ ಕಾರ್ಯದರ್ಶಿ ಮಿಲಾರ್ಡರು ಅಲ್ಲಿದ್ದ ಹಕ್ಕಿಗಳ ಸಂಗ್ರಹವನ್ನೇ ತೆರೆದು ತೋರಿಸಿದರು. 1985ರಲ್ಲಿ ಪ್ರಕಟವಾದ ಆತ್ಮಕಥೆಗೆ ಅವರು ಆ ಗುಬ್ಬಿಯ ಪತನವನ್ನೇ ಹೆಸರಾಗಿಟ್ಟರು.

ಬರ್ಮಾದ ವ್ಯವಹಾರ ಕೈಹಿಡಿಯಲಿಲ್ಲ. ವಿಶ್ವವಿದ್ಯಾಲಯದ ಪದವಿಯೂ ದೊರೆಯಲಿಲ್ಲ. ಪದವಿಗಳನ್ನೇ ಎಣಿಸುವ ನಮ್ಮಂಥ ಅಧ್ಯಾಪಕರು ಇಲ್ಲಿ ತುಸು ನಿಲ್ಲಬೇಕು. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಕೆಲಸಕ್ಕೆ ರಜೆ ಹಾಕಿ ಬರ್ಲಿನ್ನಿಗೆ ಹೋಗಿ, ಸ್ಟ್ರೇಸಮನ್ನರ ಬಳಿ ಕಲಿತು 1930ರಲ್ಲಿ ಮರಳಿದಾಗ ಹಣವಿಲ್ಲದೆ ಆ ಹುದ್ದೆಯೇ ರದ್ದಾಗಿತ್ತು.

ಬೇರೆ ಉದ್ಯೋಗ ಸಿಗದೆ, ಪತ್ನಿ ತೆಹಮಿನಾ ಅವರೊಡನೆ ಕಡಲತೀರದ ಕಿಹೀಮ್ ಹಳ್ಳಿಯಲ್ಲಿ ನೆಲಸಿದರು. ಅಲ್ಲಿ ಗೀಜಗಗಳು ಗೂಡು ಹೆಣೆಯುತ್ತಿದ್ದವು. ಕೆಲಸವಿಲ್ಲದವನಿಗೆ ಹೊತ್ತಿಗೇನು ಬರ! ಅವರು ಕುಳಿತು ನೋಡತೊಡಗಿದರು. ಗಂಡು ಅರ್ಧ ಗೂಡನ್ನು ಹೆಣೆದು ಕಾಯುತ್ತದೆ. ಹೆಣ್ಣು ಬಂದು, ಒಳಹೊಕ್ಕು ಪರೀಕ್ಷಿಸಿ, ಮನಸ್ಸಿಗೆ ಬಂದರೆ ಮಾತ್ರ ಸಂಸಾರ. ಆಮೇಲೆ ಗಂಡು ಗೂಡನ್ನು ಪೂರ್ತಿಮಾಡುತ್ತದೆ; ಹೆಣ್ಣು ಮೊಟ್ಟೆಗೆ ಕುಳಿತೊಡನೆ ಮತ್ತೊಂದು ಗೂಡಿಗೆ ತೊಡಗಿ ಮತ್ತೊಬ್ಬಳನ್ನು ಕರೆಯುತ್ತದೆ! ಗೀಜಗನ ನೇಯ್ಗೆಯನ್ನು ಕೊಂಡಾಡುವ ನಾವು ಅದರ ಮನೆವಾರ್ತೆಯನ್ನು ಇಷ್ಟು ತಾಳ್ಮೆಯಿಂದ ವಿಚಾರಿಸಿದ್ದುಂಟೆ? ಅವರಿಗೆ ಹೆಸರು ತಂದದ್ದು ಈ ಅಧ್ಯಯನವೇ.

ಹಾನಗಲ್ಲಿನ ನಮ್ಮ ಹಿತ್ತಿಲಲ್ಲಿ ಜೋಳದ ತೆನೆ ಕಟ್ಟಿ, ಪರಟೆಯಲ್ಲಿ ನೀರಿಟ್ಟು ನಾನೂ ಹಕ್ಕಿಗಳನ್ನು ನೋಡುತ್ತೇನೆ. ಹೊಲದಲ್ಲಿ ಕವಣೆಯ ಕಲ್ಲು, ಹಿತ್ತಿಲಲ್ಲಿ ತೆನೆ. ಎರಡೂ ಒಂದೇ ಹಕ್ಕಿಗೆ. ತೆನೆಗಟ್ಟಿದ ಬೆಳೆ ಕಾಯುವ ರೈತನ ಸಿಟ್ಟು ಸುಳ್ಳಲ್ಲ. ಸಲೀಂ ಅಲಿ ಅವರಲ್ಲಿಯೂ ಇಂಥ ಎರಡು ಕೈಗಳಿದ್ದವು. ಸಮೀಕ್ಷೆಗಳಿಗಾಗಿ ಅವರು ಹಕ್ಕಿಗಳನ್ನು ಕೊಂದು ಸಂಗ್ರಹಿಸಿದ್ದುಂಟು. ಅದನ್ನು ಮುಚ್ಚಿಟ್ಟು ಅವರನ್ನು ಋಷಿಯೆಂದು ಚಿತ್ರಿಸಲು ನನಗೆ ಮನಸ್ಸಿಲ್ಲ.

1939ರಲ್ಲಿ ತೆಹಮಿನಾ ತೀರಿಕೊಂಡರು. ಆ ದುಃಖ ಹಸಿಯಾಗಿದ್ದಾಗಲೇ ಅವರು ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆ ಬಂದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳನ್ನು ಕಂಡು ಅರಸರಿಗೆ ಸಲಹೆಯಿತ್ತರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮುಂದೆ 1987ರಲ್ಲಿ ತೀರಿಕೊಳ್ಳುವವರೆಗೂ ಅವರ ಅಲೆದಾಟ, ಬರೆವಣಿಗೆ ನಡೆದೇ ಇದ್ದವು. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳು ಆಗ ಮುಂಬಯಿ ಪ್ರಾಂತದಲ್ಲಿದ್ದವು, ಸವಣೂರು ನವಾಬರದು. ಮೈಸೂರಿನ ಆ ಸಮೀಕ್ಷೆಯಲ್ಲಿ ನಮ್ಮ ಗೀಜಗಗಳು ಸೇರಲಿಲ್ಲ.