ಕಣ್ಮರೆಯಾದುದರ ಕಾವಲು

ನೆನಪೆಂದರೆ ಹಳೆಯದನ್ನು ಕೂಡಿಟ್ಟ ಕಣಜವೆಂಬುದು ನಮ್ಮಲ್ಲಿ ಬಹುಮಂದಿಯ ಭಾವನೆ. ಆದರೆ ಕ್ಷಣಕಾಲ ಮಾತ್ರ ಬಾಳುವ ನೆನಪೂ ಒಂದುಂಟು. ಕರಿಹಲಗೆಯ ಅಂಕಿಯನ್ನು ನೋಡಿ, ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿ ನೆಚ್ಚಿರುವುದು ಅದನ್ನೇ. ಆ ಶಕ್ತಿಯ ನೆಲೆಯನ್ನು ಅರಸುತ್ತ ಆಯುಷ್ಯ ಸವೆಸಿದ ಪೆಟ್ರೀಷಿಯಾ ಗೋಲ್ಡ್‌ಮನ್-ರಾಕಿಚ್ ಗತಿಸಿ ಎರಡು ದಶಕಗಳು ಸಂದಿವೆ. ಅವರ ಜೀವನವನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

1937ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಎಂಬ ಊರಿನಲ್ಲಿ ಈಕೆ ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬರಾಗಿ ಜನಿಸಿದರು. 1963ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ದುಡಿದು, 1979ರಲ್ಲಿ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿದರು.

ಹಣೆಯ ಹಿಂದಿರುವ ಮಿದುಳಿನ ಹೊರಪದರಕ್ಕೆ ಪ್ರೀಫ್ರಂಟಲ್ ಕಾರ್ಟೆಕ್ಸ್ ಎಂದು ಹೆಸರು. ಅದಕ್ಕೆ ಹಾನಿಯಾದ ಕೋತಿ, ತನ್ನೆದುರಿಗೇ ಬಚ್ಚಿಟ್ಟ ತಿನಿಸಿನ ಸ್ಥಳವನ್ನು ಕೆಲವೇ ಕ್ಷಣಗಳಲ್ಲಿ ತಪ್ಪುವುದೆಂದು ಜೇಕಬ್‌ಸನ್ 1930ರ ದಶಕದಲ್ಲಿಯೇ ತೋರಿಸಿದ್ದರು. ಕಾಯುವ ಅವಧಿಯಲ್ಲಿ ಅಲ್ಲಿನ ಕೆಲವು ನರಕೋಶಗಳು ಮಿಡಿಯುತ್ತಲೇ ಇರುವುದನ್ನು 1971ರಲ್ಲಿ ಫುಸ್ಟರ್ ಮತ್ತು ಅಲೆಕ್ಸಾಂಡರ್, ಬೇರೆಯಾಗಿ ಜಪಾನಿನ ಕುಬೋಟ ಮತ್ತು ನಿಕಿ, ಕಂಡಿದ್ದರು. ಆ ಮಿಡಿತದ ಅರ್ಥವೇನು?

ಫುನಹಾಶಿ ಮತ್ತು ಬ್ರೂಸ್ ಅವರೊಡಗೂಡಿ ಈಕೆ 1989ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರವಾಯಿತು. ಕೋತಿ ತೆರೆಯ ನಡುವಿನ ಚುಕ್ಕೆಯನ್ನೇ ದಿಟ್ಟಿಸಬೇಕು. ಸುತ್ತಲಿನ 8 ಸ್ಥಾನಗಳಲ್ಲಿ ಒಂದರಲ್ಲಿ ಬೆಳಕು ಮಿನುಗಿ ಆರುತ್ತದೆ. ಕೆಲವು ಸೆಕೆಂಡು ಕಳೆದು ನಡುವಿನ ಚುಕ್ಕೆಯೂ ಆರಿದಾಗ, ಬೆಳಕಿದ್ದೆಡೆಗೆ ಕಣ್ಣು ಹೊರಳಿಸಬೇಕು. ಬೆಳಕಿಲ್ಲದ ಆ ಅವಧಿಯಲ್ಲಿ ಅನೇಕ ನರಕೋಶಗಳು ತಂತಮ್ಮ ಪಾಲಿನ ದಿಕ್ಕಿಗಾಗಿ ಮಿಡಿಯುತ್ತಿದ್ದವು. ಕಣ್ಣಿಗೆ ಇಲ್ಲವಾದುದನ್ನು ಅವು ಕಾಯುತ್ತಿದ್ದವು.

ಆ ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬರಿದಾದರೆ, ಆ ಭಾಗವನ್ನೇ ತೆಗೆದುಹಾಕಿದಷ್ಟು ನಷ್ಟವಾಗುವುದೆಂದು 1979ರಲ್ಲಿ ಈಕೆ ಮತ್ತು ಸಂಗಡಿಗರು ತಿಳಿಸಿದ್ದರು. ಸ್ಕಿಜೋಫ್ರೇನಿಯ ಪೀಡಿತರ ಆಲೋಚನೆ ಚದುರಿಹೋಗುವುದಕ್ಕೆ ಈ ಹಿಡಿತ ಸಡಿಲುವುದೇ ಒಂದು ಕಾರಣವೆಂದು ಮುಂದೆ ಈಕೆ ವಾದಿಸಿದರು. ನಾವು ಹುಚ್ಚರೆಂದು ದೂರವಿಟ್ಟವರು, ಹಿಡಿದ ಎಳೆಯನ್ನು ಕೈಜಾರದಂತೆ ಉಳಿಸಿಕೊಳ್ಳಲು ಹೆಣಗುತ್ತಿರುವವರು ಎಂಬ ಅರಿವು ಸಣ್ಣದಲ್ಲ. ಈ ಅರಿವಿಗಾಗಿ ಮೂಕಪ್ರಾಣಿಗಳು ತೆತ್ತ ಬೆಲೆಯನ್ನೂ ನಾನು ಮರೆಯಲಾರೆ.

ನೋಟದ ಪ್ರದೇಶಗಳೂ ಈ ನೆನಪಿನಲ್ಲಿ ಪಾಲುಗೊಳ್ಳುವುದನ್ನು ಮುಂದಿನ ಸಂಶೋಧನೆಗಳು ತೋರಿಸಿವೆ. ಮಿಡಿತ ಎಡೆಬಿಡದೆ ನಡೆಯುವುದೇ ಎಂಬ ಚರ್ಚೆಯೂ ಎದ್ದಿದೆ. ಆದರೆ ಆ ಚರ್ಚೆಗೆ ನೆಲೆಗಟ್ಟು ಈಕೆಯದೇ.

2003ರ ಜುಲೈ 29ರಂದು ರಸ್ತೆ ದಾಟುವಾಗ ಮೋಟಾರು ಬಡಿದು, ಎರಡು ದಿನಗಳ ತರುವಾಯ, 66ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎದುರಿಗಿರುವುದಕ್ಕೆ ಮಾತ್ರ ಓಗೊಡುವ ಜೀವಿಗೆ ಚಾಂಚಲ್ಯವೇ ಗತಿ. ಮರೆಯಾದುದನ್ನು ಮನಸ್ಸಿನಲ್ಲಿ ಹಿಡಿದು ಅದರಂತೆ ನಡೆಯಬಲ್ಲವನಿಗೆ ಮಾತ್ರ ವಿವೇಕದ ದಾರಿ ತೆರೆದೀತು. ಈಕೆಯ ಬಾಳಿನಿಂದ ನಾನು ಕಲಿತ ಪಾಠವಿದು.